ತೋಡಿನ ದಾರಿಯಲ್ಲಿ ಒಂದು ಡಬ್ಬಿ

ನಮ್ಮ ಪರಿಸರ ಸಂಘವು ಈ ಡಿಸೆಂಬರ್‌ನಲ್ಲಿ ಜಿಯೋಕ್ಯಾಶಿಂಗ್ ನಡಿಗೆ ಏರ್ಪಡಿಸಬೇಕೆಂಬ ಮಾತು ತರಗತಿಗಳಲ್ಲಿ ಓಡಾಡುತ್ತಿದೆ. ಜತೆಗೆ ವಿರೋಧವೂ ಇದೆ. ಸಿಇಟಿ, ನೀಟ್ ಎದುರಿಗಿರುವಾಗ ಕಾಡಿನಲ್ಲಿ ಡಬ್ಬಿ ಹುಡುಕುವ ಹುಚ್ಚು ಯಾಕೆ ಎನ್ನುವವರಿದ್ದಾರೆ. ನಾನು ಈ ನಡಿಗೆಯ ಪರ. ಆದರೆ ಈಗ ಕೆಲವರು ಹೇಳುತ್ತಿರುವ ರೀತಿಯಲ್ಲಿ, ಎಲ್ಲಾದರೂ ಒಂದು ಜಲಪಾತದ ದಾರಿ ಹಿಡಿದು ಹೊರಟುಬಿಡುವುದಕ್ಕೆ ಅಲ್ಲ.

ಆಟ ಸರಳ. ಒಬ್ಬರು ಡಬ್ಬಿಯೊಂದನ್ನು ಅಡಗಿಸಿ ಅದರ ಅಕ್ಷಾಂಶ, ರೇಖಾಂಶ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. 2000ರ ಮೇ ಆರಂಭದವರೆಗೆ ಅಮೆರಿಕವು ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಸುಮಾರು 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಆ ತಡೆ ತೆಗೆದ ಬೆನ್ನಿಗೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದ ಕಾಡಿನ ಬದಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟರು. ಒಳಗೆ ಪುಸ್ತಕ, ಪೆನ್ಸಿಲ್, ಕವಣೆ, ಒಂದು ಡಬ್ಬ ಬೀನ್ಸ್ ಕೂಡ ಇತ್ತು. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಕಳೆದ ಜನವರಿಯಲ್ಲಿ ಬೆಳ್ತಂಗಡಿ ಕಡೆಯ ನಮ್ಮ ಮಾಮ ತಮ್ಮ ತೋಟದ ಮೇಲ್ಗಡೆಯ ತೋಡಿನಲ್ಲಿ ನಮಗಾಗಿ ಒಂದು ಸ್ಟೀಲ್ ಡಬ್ಬಿ ಅಡಗಿಸಿದ್ದರು. ಗುರಿ 600 ಮೀಟರ್ ದೂರ ಎಂದು ಮೊಬೈಲ್ ಹೇಳಿತು. ಅದು ಕಾಗೆ ಹಾರುವ ಲೆಕ್ಕ. ಕಾಲಿನ ಲೆಕ್ಕವೇ ಬೇರೆ. ಪಾಚಿ ಹಿಡಿದ ಬಂಡೆ, ಮುಳ್ಳಿನ ಕೇದಗೆ ಪೊದೆ, ಅಡ್ಡ ಬಿದ್ದ ಮರ, ಎರಡು ಕಡೆ ಮೊಣಕಾಲುದ್ದ ನೀರು. ಒಂದೂವರೆ ಗಂಟೆ ಹಿಡಿಯಿತು. ಹತ್ತಿರ ಹೋದ ಮೇಲೆ ಬಾಣದ ಗುರುತು ಒಮ್ಮೆ ತೋಡಿನ ಆಚೆ, ಒಮ್ಮೆ ಈಚೆ ಹಾರತೊಡಗಿತು. ಭೌತಶಾಸ್ತ್ರದ ಪುಸ್ತಕದ ಪ್ರತಿಫಲನ ನನಗೆ ನಿಜವಾಗಿ ಅರ್ಥವಾದದ್ದು ಆಗ. ಸ್ಥಳ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಆಳದ ಕಣಿವೆಯಲ್ಲಿ ಕಾಣುವ ಆಕಾಶವೇ ಕಡಿಮೆ. ಬರುವ ಸಂಕೇತವೂ ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಕೊನೆಗೆ ಮೊಬೈಲ್ ಜೇಬಿಗೆ ಹಾಕಿ ಕಣ್ಣು ಬಿಟ್ಟು ನೋಡಬೇಕಾಯಿತು. ಅತ್ತಿ ಮರದ ಬೇರಿನ ಬುಡದಲ್ಲಿ ಮೂರು ಕಲ್ಲುಗಳು ಯಾರೋ ಜೋಡಿಸಿದಂತೆ ಕುಳಿತಿದ್ದವು. ಅವುಗಳ ಹಿಂದೆ ಡಬ್ಬಿ, ಒಳಗೆ ಎರಡು ಗೋಲಿ, ಒಂದು ಚೀಟಿ: "ಚಹಾ ಆರಿರುತ್ತದೆ."

ಗಣಿತದ ಉಪನ್ಯಾಸಕರಿಗೂ ಇದರಲ್ಲಿ ಕೆಲಸವಿದೆ. ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ. 13 ಡಿಗ್ರಿ 04.500 ನಿಮಿಷ ಎಂದರೆ 13.075 ಡಿಗ್ರಿ. ಅದನ್ನೇ 13.045 ಎಂದು ಒತ್ತಿದರೆ ಮೂರು ಕಿಲೋಮೀಟರಿಗಿಂತ ಹೆಚ್ಚು ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಪರೀಕ್ಷೆಯಲ್ಲಾದರೆ ಒಂದು ಅಂಕ ಹೋಗುತ್ತದೆ, ಅಷ್ಟೆ.

ಇನ್ನು ಷರತ್ತುಗಳು. ಮೊದಲನೆಯದು ಜಾಗ. ಪುಷ್ಪಗಿರಿ ವನ್ಯಜೀವಿಧಾಮ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳ ಹೆಸರು ಕೇಳಿಬರುತ್ತಿದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಡಬ್ಬಿ ಬಿಟ್ಟು ಬರುವುದಂತೂ ದೂರದ ಮಾತು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸೇರಿದ ಜನಜಂಗುಳಿಯ ವಿಡಿಯೋ ನೀವೂ ನೋಡಿರಬಹುದು. ಆ ಬಳಿಕ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರಕಾರ ತಡೆಯಿತು. ನಮಗೆ ಅಲ್ಲಿನ ಕಾಡು ಬೇಕಾಗಿಲ್ಲ. ಒಪ್ಪಿಗೆ ಕೊಡುವ ತೋಟದ ಯಜಮಾನರು ನಮ್ಮ ಪೋಷಕರಲ್ಲೇ ಎಷ್ಟೋ ಮಂದಿ ಇದ್ದಾರೆ.

ಎರಡನೆಯದು ನೀರು. ಈ ವಿಷಯದಲ್ಲಿ ನಾನು ಹಟಮಾರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತೋಡಿನ ದಾರಿ ಬೇಡವೇ ಬೇಡ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದರೆ ಸಾಕು. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿಗಳು ತೇಲಿಬಂದರೆ, ಸದ್ದು ಬದಲಾದರೆ ಡಬ್ಬಿಯ ಆಸೆ ಬಿಟ್ಟು ದಂಡೆ ಹತ್ತಬೇಕು. 2018ರಲ್ಲಿ ಪ್ರಾಗ್ ನಗರದಲ್ಲಿ ಇದೇ ಆಟಕ್ಕಾಗಿ ನೆಲದಡಿಯ ನೀರಿನ ಸುರಂಗಕ್ಕೆ ಇಳಿದವರಲ್ಲಿ ಕೆಲವರು ಹಠಾತ್ ಮಳೆಗೆ ಕೊಚ್ಚಿಹೋಗಿ ಜೀವ ಕಳೆದುಕೊಂಡರು.

ಮೂರನೆಯದನ್ನು ಹೇಳಲೇಬೇಕು. "ದಾರಿ ಕಷ್ಟ, ಹುಡುಗರು ಮಾತ್ರ ಹೋಗಲಿ" ಎಂಬ ಸಲಹೆ ಬಂದಿದೆಯಂತೆ. ಮಾಮನ ಡಬ್ಬಿಯನ್ನು ಮೊದಲು ಕಂಡದ್ದು ಹತ್ತನೇ ತರಗತಿಯ ನನ್ನ ತಂಗಿ. ಈ ಆಟದಲ್ಲಿ ದಾರಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. 1 ಎಂದರೆ ಗಾಲಿಕುರ್ಚಿಯಲ್ಲೂ ತಲುಪಬಹುದಾದದ್ದು. ದಾರಿಯನ್ನು ಅಳೆಯುವ ಕ್ರಮ ಇರುವಾಗ ಹೆಣ್ಣೋ ಗಂಡೋ ಎಂದು ಅಳೆಯುವುದೇಕೆ? ಒಂದು ಡಬ್ಬಿ ಕ್ಯಾಂಪಸ್ಸಿನೊಳಗೇ ಇರಲಿ, ಇನ್ನೊಂದು ತೋಡಿನ ಮೇಲ್ದಂಡೆಯಲ್ಲಿ. ನಮ್ಮ ಉಮ್ಮಂದಿರ ಆತಂಕ ಸುಳ್ಳಲ್ಲ. ಅವರನ್ನೂ ಒಮ್ಮೆ ಕರೆಸಿ ನಕ್ಷೆ ತೋರಿಸಿ, ಜತೆಗೆ ಬರುವ ಮೇಡಂ ಯಾರೆಂದು ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊಬೈಲ್ ನಿಷೇಧದ ಪ್ರಶ್ನೆ ಉಳಿಯಿತು. ಐವರ ತಂಡಕ್ಕೆ ಒಂದು ಸಾಕು, ಅದೂ ಉಪನ್ಯಾಸಕರ ಕೈಯಲ್ಲಿರಲಿ. ಉಳಿದ ನಾಲ್ವರಿಗೆ ಕಾಗದದ ನಕ್ಷೆ, ಒಂದು ದಿಕ್ಸೂಚಿ. ಪ್ರಾಂಶುಪಾಲರು ಒಪ್ಪಿದರೆ ಮೊದಲ ಡಬ್ಬಿ ಕೊಡಲು ಮಾಮ ತಯಾರಿದ್ದಾರೆ. ಚಹಾದ ಭರವಸೆ ಮಾತ್ರ ಕೊಟ್ಟಿಲ್ಲ.

— ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ