ಮೈಲುತುತ್ತಿಗೆ ಬಂದ ಕನ್ನಡ ಫೆರಿಕ್ ಕ್ಲೋರೈಡಿಗೆ ಬಾರದೇ?

"ಎಲೆಕ್ಟ್ರಾನಿಕ್ಸ್ ಕನ್ನಡದಲ್ಲಿ ಹೇಳಲಾಗದು!" ಎಂದು ಅಪ್ಪಣೆ ಕೊಡಿಸುವ ಮೇಧಾವಿಗಳು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಿಗೆ ಅಟ್ಟಬೇಕು.

ಕೊಳೆರೋಗ ತಡೆಯಲು ಅಲ್ಲಿ ಬೋರ್ಡೋ ದ್ರಾವಣ ತಯಾರಿಸುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಹೊಳೆಯುವ ಕತ್ತಿಯೊಂದನ್ನು ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು ಸ್ವಾಮಿ? ಮನೆಮಾತು ತುಳುವೋ ಅರೆಭಾಷೆಯೋ ಹವ್ಯಕವೋ ಇರಲಿ, ಓದಿ ತಿಳಿದದ್ದು ಕನ್ನಡದಲ್ಲಿ. ರೈತರ 'ಅಡಿಕೆ ಪತ್ರಿಕೆ' 1988ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲೇ. 'ವಿಜ್ಞಾನ ಪ್ರಪಂಚ'ದ 4 ಸಂಪುಟ ಬರೆದ ಶಿವರಾಮ ಕಾರಂತರ ಬಾಲವನ ಇರುವುದೂ ಅದೇ ಊರಿನಲ್ಲಿ!

ಈಗ ಅದೇ ತೋಟದ ಮನೆಯ ಮಗನೋ ಮಗಳೋ ಡಿಪ್ಲೊಮಾ ಸೇರಿ, ಮನೆಯಲ್ಲೇ ಸರ್ಕಿಟ್ ಬೋರ್ಡ್ ಮಾಡಹೊರಡುತ್ತಾರೆ ಎನ್ನಿ. ತಾಮ್ರ ಹೊದಿಸಿದ ಹಲಗೆಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ, ಶಾಯಿ ಇದ್ದಲ್ಲಿ ತಾಮ್ರ ಉಳಿದು ಮಿಕ್ಕದ್ದು ಕರಗುತ್ತದೆ. ತೋಟದಲ್ಲಿ ಕಬ್ಬಿಣದ ಮೇಲೆ ತಾಮ್ರ ಕೂತಿತು. ಇಲ್ಲಿ ಕಬ್ಬಿಣದ ಲವಣ ತಾಮ್ರವನ್ನೇ ಕರಗಿಸಿತು. ಅಪ್ಪನ ಕೈಯಲ್ಲಿದ್ದ ವಿದ್ಯೆ ಮಕ್ಕಳಿಗೆ ಪರದೇಶಿಯಾದದ್ದು ಹೇಗೆ? ಬಾಟಲಿಯ ಚೀಟಿ ಇಂಗ್ಲಿಷ್, ಪ್ರಯೋಗದ ಕೈಪಿಡಿ ಇಂಗ್ಲಿಷ್, ಎಚ್ಚರಿಕೆಯೂ ಇಂಗ್ಲಿಷ್!

ಇದು ಬರೀ ಅಭಿಮಾನದ ಮಾತಲ್ಲ, ಕಣ್ಣಿನ ಪ್ರಶ್ನೆ. ಒಣ ಪುಡಿಯ ಮೇಲೆ ನೀರು ಸುರಿದರೆ ಕಾದು ಸಿಡಿದು ಹೊಗೆಯೇಳುತ್ತದೆ. ಪುಡಿಯನ್ನೇ ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕು. ಕೈಗವಸು, ಕನ್ನಡಕ, ಪ್ಲಾಸ್ಟಿಕ್ ತಟ್ಟೆ, ಗಾಳಿಯಾಡುವ ಜಾಗ ಬೇಕು. ಬಳಸಿದ ದ್ರಾವಣದ ತುಂಬ ತಾಮ್ರ. ಕಡಬದಲ್ಲಿ ಚೆಲ್ಲಿದ್ದು ಕುಮಾರಧಾರೆಗೆ, ಸುಳ್ಯದಲ್ಲಿ ಚೆಲ್ಲಿದ್ದು ಪಯಸ್ವಿನಿಗೆ ಇಳಿದರೆ ಮೀನಿಗೆ ವಿಷ. ಇಷ್ಟನ್ನು ನಾವು ಕನ್ನಡದಲ್ಲೇ ಹೇಳಿದೆವಲ್ಲ, ಯಾವ ಪದ ಅಡ್ಡ ಬಂತು? ಫೆರಿಕ್ ಕ್ಲೋರೈಡಿಗೆ ಸಂಸ್ಕೃತದ ಮೊಳ ಉದ್ದದ ಹೆಸರು ಕಟ್ಟಿ ಹೆದರಿಸುವ ಪಂಡಿತರೂ ದಯವಿಟ್ಟು ದೂರವಿರಲಿ.

ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎನ್ನುತ್ತದೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ಆ ಮಾತು ಬಿಸ್ಕತ್ತಿನ ಪೊಟ್ಟಣಕ್ಕಷ್ಟೇ ಅಲ್ಲ, ಕೈ ಸುಡುವ ರಾಸಾಯನಿಕಕ್ಕೆ ಮೊದಲು ಜಾರಿಯಾಗಲಿ. ತಾಂತ್ರಿಕ ಶಿಕ್ಷಣ ಇಲಾಖೆ ಪ್ರತಿ ಪ್ರಯೋಗಾಲಯದ ಗೋಡೆಗೆ ಕನ್ನಡದ ಎಚ್ಚರಿಕೆ ಪಟ್ಟಿ ಹಚ್ಚಲಿ. ಬೆಂಗಳೂರಿನ ಕನ್ನಡ ಯುವಕರೇ, ಯುವತಿಯರೇ, ನಾಳೆ ಎಸ್.ಪಿ. ರಸ್ತೆಯಲ್ಲಿ ಆ ಬಾಟಲಿ ಕೊಳ್ಳುವಾಗ ಕೌಂಟರಿನಲ್ಲೇ ನಿಂತು ಕೇಳಿ: ಕನ್ನಡದ ಚೀಟಿ ಎಲ್ಲಿ?