ಹೆಣ ಬಿದ್ದ ಮೇಲೆ ಕಥೆ ಮುಗಿಯಲ್ಲ

‘ಗರುಡ ಗಮನ ವೃಷಭ ವಾಹನ’ ನೋಡದ ಹುಡುಗರು ನಮ್ಮ ಕಡೆ ಕಡಿಮೆ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ, ಶಿವನ ಪಾತ್ರವನ್ನೂ ಮಾಡಿದ ಈ ಸಿನಿಮಾ 2021ರ ನವೆಂಬರ್‌ನಲ್ಲಿ ಬಂತು. ಕೊಲೆ ಮಾಡಿ ಬಂದ ಶಿವ ಹುಲಿವೇಷದ ಹೆಜ್ಜೆ ಹಾಕುವ ತುಣುಕು ಎಷ್ಟೋ ಜನರ ಸ್ಟೇಟಸ್ ಆಯಿತು. ಸಿನಿಮಾ ಚಲೋ ಇದೆ. ನಮ್ಮ ತಕರಾರು ಅದರ ಮುಕ್ತಾಯದ ಬಗ್ಗೆ.

ಮಂಗಳೂರಿನ ಮಂಗಳಾದೇವಿಯಲ್ಲಿ ಹರಿ, ಶಿವ ಎಂಬ ಗೆಳೆಯರು ಗ್ಯಾಂಗ್ ಕಟ್ಟುತ್ತಾರೆ. ಪೊಲೀಸ್ ಅಧಿಕಾರಿ ಬ್ರಹ್ಮಯ್ಯನ ಮೇಲೆ ರಾಜಕಾರಣಿಯ ಒತ್ತಡ. ಅವನು ಕೊನೆಗೆ ಹಿಡಿಯುವ ದಾರಿ ಕೋರ್ಟಿನದ್ದಲ್ಲ, ಗೆಳೆಯರ ನಡುವೆ ಬಿರುಕು ಮೂಡಿಸುವುದು. ಗ್ಯಾಂಗನ್ನು ಗ್ಯಾಂಗೇ ತಿನ್ನುತ್ತದೆ. ‘ಕತ್ತಿ ಹಿಡಿದವನು ಕತ್ತಿಗೇ ಹೋದ, ನ್ಯಾಯ ಸಿಕ್ಕಿತು’ ಎಂದು ನೋಡಿದವರು ಫೋನ್ ಕೆಳಗಿಡುತ್ತಾರೆ.

ಇದು ನ್ಯಾಯವೇ? ಸಿನಿಮಾ ಇದನ್ನು ಹೊಗಳಿಲ್ಲ, ಬ್ರಹ್ಮಯ್ಯನ ಸಂಕಟವನ್ನೂ ತೋರಿಸಿದೆ ಎನ್ನುತ್ತೀರಿ. ಒಪ್ಪಿದೆವು. ಆದರೆ ಶಿವನ ಕೈಯಲ್ಲಿ ಸತ್ತವರ ಮನೆಯವರಿಗೆ ಆ ಮುಕ್ತಾಯದಲ್ಲಿ ಏನು ಸಿಕ್ಕಿತು? ಸ್ಟೇಟಸ್‌ನಲ್ಲಿ ಉಳಿದದ್ದು ಕುಣಿತ, ಸಂಕಟವಲ್ಲ.

ರೌಡಿ ರೌಡಿಯನ್ನು ಕೊಂದರೆ ಊರು ತಣ್ಣಗಾಗುತ್ತದೆ ಎಂಬುದೂ ಸುಳ್ಳು. ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ಕೊತ್ವಾಲ್ ರಾಮಚಂದ್ರನ ಕೊಲೆಯಾದದ್ದು 1986ರಲ್ಲಿ. 2007ರ ‘ಆ ದಿನಗಳು’ ಹೇಳಿದ್ದು ಅದೇ ಕಥೆ. ಕೊತ್ವಾಲ್ ಹೋದ ಮೇಲೆ ಶಾಂತಿ ಬಂತೇ? 1989ರಲ್ಲಿ ಅವನ ಎದುರಾಳಿ ಜಯರಾಜನೂ ಕೊಲೆಯಾದ. ಅಲ್ಲಿಗೂ ರೌಡಿಸಂ ನಿಲ್ಲಲಿಲ್ಲ.

ನಿಜವಾದ ಕೊಲೆ ಕೇಸು ಶುರುವಾಗುವುದೇ ಸಿನಿಮಾ ಮುಗಿಯುವ ಜಾಗದಲ್ಲಿ. ಎಫ್‌ಐಆರ್, ಪಂಚನಾಮೆ, ಚಾರ್ಜ್‌ಶೀಟ್, ಸೆಷನ್ಸ್ ಕೋರ್ಟ್. ಚೀಕಲಪರ್ವಿಯ ಒಬ್ಬ ಕೂಲಿಕಾರ ಸಾಕ್ಷಿ ಎಂದಿಟ್ಟುಕೊಳ್ಳಿ. ಪ್ರತಿ ವಾಯಿದೆಗೂ ಅವನ ಒಂದು ದಿನದ ಕೂಲಿ ಹೋಗುತ್ತದೆ. ಆರೋಪಿಯ ಕಡೆಯವರು ಅದೇ ಓಣಿಯಲ್ಲಿ ಇರುತ್ತಾರೆ. ಹೆದರಿ ಅವನು ಮಾತು ಬದಲಿಸಿದರೆ ಕೇಸು ಬೀಳುತ್ತದೆ. ಈ ಹೆದರಿಕೆಯನ್ನು ಯಾವ ಕ್ಲೈಮ್ಯಾಕ್ಸ್ ತೋರಿಸಿದೆ?

ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿಯೇ ಒಪ್ಪಿಗೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಬೇಕು ಎನ್ನುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಸಿಗಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರು ತಿಳಿಸಬೇಕು. ಸತ್ತವರ ಮನೆಯವರು ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹುಲಿ ಹೆಜ್ಜೆ ಗೊತ್ತಿರುವ ಎಷ್ಟು ಜನರಿಗೆ ಇದು ಗೊತ್ತು?

ಪತ್ರಿಕೆಗಳಿಗೂ ಇದೇ ಮಾತು. ‘ಪ್ರಕರಣ ದಾಖಲಾಗಿದೆ’ ಎಂಬಲ್ಲಿಗೆ ಸುದ್ದಿ ಮುಗಿಸಿದರೆ, ಅದೂ ಹೆಣ ಬಿದ್ದಲ್ಲಿಗೆ ಮುಗಿದ ಸಿನಿಮಾನೇ. ಆ ಕೇಸು ಏನಾಯಿತು, ಸಾಕ್ಷಿ ಯಾಕೆ ಹಿಂದೆ ಸರಿದ ಎಂದು ಬರೆಯುವವರು ಬೇಕು.

ಸಿನಿಮಾ ನೋಡಿ, ಬೇಡ ಅನ್ನಲ್ಲ. ಆದರೆ ನಿಮ್ಮ ಊರಿನಲ್ಲಿ ಒಬ್ಬರು ಕೋರ್ಟಿಗೆ ಸಾಕ್ಷಿ ಹೇಳಲು ಹೊರಟರೆ, ಅವರ ಜೊತೆ ಬಸ್ ಹತ್ತಿ. ಒಂಟಿ ಸಾಕ್ಷಿಯನ್ನು ಹೆದರಿಸುವುದು ಸುಲಭ. ಊರೇ ಜೊತೆಗಿದ್ದರೆ ಅಷ್ಟು ಸುಲಭವಲ್ಲ.