ಉತ್ತರ ಸಿಗದ ಪ್ರಶ್ನೆಗೆ ವದಂತಿಯೇ ಉತ್ತರ

2020ರ ಮಾರ್ಚ್ ಅಂತ್ಯದಲ್ಲಿ ಹೊಸಪೇಟೆಯ ಒಂದೇ ಕುಟುಂಬದ ಮೂವರಲ್ಲಿ ಕೊರೊನಾ ಸೋಂಕು ದೃಢಪಟ್ಟಿತು. ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯ ಮೊದಲ ಪ್ರಕರಣಗಳವು. ಕೈ ತೊಳೆಯಿರಿ, ಅಂತರ ಕಾಪಾಡಿರಿ, ಮನೆಯಲ್ಲೇ ಇರಿ ಎಂದು ಸರಕಾರ ಸಾರುತ್ತಿತ್ತು. ಆ ಸೂಚನೆಗಳು ಸರಿಯಾಗಿಯೇ ಇದ್ದವು. ಆದರೆ ಜನರ ಪ್ರಶ್ನೆಗಳು ಬೇರೆಯೇ ಆಗಿದ್ದವು. ಸ್ಮಾರಕಗಳ ಬಾಗಿಲು ಮುಚ್ಚಿದ ಹಂಪಿಯಲ್ಲಿ ಆಟೋ ಚಾಲಕನ ಒಲೆ ಉರಿಯುವುದು ಹೇಗೆ? ಕಂಪ್ಲಿಯ ಕೂಲಿಯಾಳನ್ನು ಕ್ವಾರಂಟೈನಿಗೆ ಒಯ್ದರೆ ಮಕ್ಕಳಿಗೆ ಅನ್ನವಿಕ್ಕುವವರು ಯಾರು? ಜೂನ್‌ನಲ್ಲಿ ಸಂಡೂರು ತಾಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹರಡಿದಾಗ, ಕೆಲಸಕ್ಕೆ ಹೋಗದಿದ್ದರೆ ಸಂಬಳವುಂಟೇ ಎಂಬುದೂ ಆರೋಗ್ಯದ ಪ್ರಶ್ನೆಯೇ ಆಯಿತು.

ಮಾಹಿತಿಯ ಹಸಿವು ಹುಟ್ಟುವುದು ಬದುಕಿಗೆ ಕುತ್ತು ಬಂದಾಗ. ಆ ಹಸಿವನ್ನು ನಂಬಿಕಸ್ಥರು ತಣಿಸದಿದ್ದರೆ ವದಂತಿ ತಣಿಸುತ್ತದೆ.

2020ರ ಎಪ್ರಿಲ್‌ನಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ಅಡ್ಡಗಟ್ಟಲಾಯಿತು. ಪೌರತ್ವದ ನೋಂದಣಿಗಾಗಿ ವಿವರ ಕಲೆಹಾಕುತ್ತಿದ್ದಾರೆಂಬ ಶಂಕೆ ಅಲ್ಲಿ ಹಬ್ಬಿತ್ತು. ಆ ವರ್ತನೆಗೆ ಸಮರ್ಥನೆಯಿಲ್ಲ. ಆದರೆ ಶಂಕೆಗೆ ಕಾರಣವಿತ್ತು. ಪೌರತ್ವ ತಿದ್ದುಪಡಿ ಕಾಯ್ದೆಯ ಗಾಯ ಹಸಿಯಾಗಿತ್ತು. ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಟಿ.ವಿ. ಚಾನೆಲ್‌ಗಳು ಇಡೀ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದವು. ವಿದೇಶಿ ತಬ್ಲೀಗಿಗಳನ್ನು ಬಲಿಪಶುಗಳಾಗಿಸಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಅಭಿಪ್ರಾಯಪಟ್ಟದ್ದು ಆಗಸ್ಟ್‌ನಲ್ಲಿ. ದೂಷಿಸುವ ಬಾಯಿಯಿಂದಲೇ ಬರುವ ಹಿತವಚನವನ್ನು ಯಾರು ನಂಬಿಯಾರು?

ಜೂನ್ ಅಂತ್ಯದಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆಯುವ ದೃಶ್ಯ ನಾಡನ್ನೇ ನಡುಗಿಸಿತು. ಜಿಲ್ಲಾಡಳಿತ ಕ್ಷಮೆ ಕೋರಿತು. ನಮ್ಮವರಿಗೆ ಗುಸ್ಲ್, ಕಫನ್, ಜನಾಝಾ ನಮಾಝ್ ದೊರೆಯುವುದೇ ಎಂಬ ಭಯ ಮನೆಮನೆಯನ್ನೂ ಹೊಕ್ಕಿತು. ಶವಸ್ನಾನಕ್ಕೆ ಅವಕಾಶವಿಲ್ಲ, ಶವವನ್ನು ಮುಟ್ಟದೆ ಮಾಡುವ ಪ್ರಾರ್ಥನೆಗೆ ಅಡ್ಡಿಯಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಮಾರ್ಚ್‌ನಲ್ಲೇ ತಿಳಿಸಿತ್ತು. ಇದನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಪ್ರತಿ ಮೊಹಲ್ಲಾಕ್ಕೆ ಮುಟ್ಟಿಸಿದ್ದರೆ ಎಷ್ಟೋ ಭೀತಿ ತಗ್ಗುತ್ತಿತ್ತು.

ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಸರ್ಗ್ ಎಂಬಲ್ಲಿ ತಲುಪಿದಾಗ ಖಲೀಫಾ ಉಮರ್(ರ) ಆಜ್ಞೆ ಹೊರಡಿಸಲು ಅವಸರಿಸಲಿಲ್ಲ. ಮುಹಾಜಿರರನ್ನು, ಅನ್ಸಾರರನ್ನು, ಹಿರಿಯರನ್ನು ಕರೆದು ಕೇಳಿದರು. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಓಡಿಹೋಗಬಾರದು ಎಂಬ ಪ್ರವಾದಿವಚನವನ್ನು ಅಬ್ದುರ‍್ರಹ್ಮಾನ್ ಬಿನ್ ಔಫ್(ರ) ತಿಳಿಸಿದಾಗ ಅವರ ನಿರ್ಧಾರಕ್ಕೆ ಬಲ ಬಂತು. ಭಯದ ಸುದ್ದಿಯನ್ನು ಹಬ್ಬಿಸದೆ, ಬಲ್ಲವರ ಬಳಿಗೆ ಒಯ್ಯಬೇಕೆಂಬುದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 83ನೆಯ ಸೂಕ್ತದ ಪಾಠ. ವಾಟ್ಸಾಪ್ ಸಂದೇಶವನ್ನು ಹತ್ತು ಮಂದಿಗೆ ದಾಟಿಸುವ ನಾವು ಈ ಪಾಠವನ್ನು ಮರೆತಿದ್ದೇವೆ.

ಆಡಳಿತವನ್ನು ದೂರಿ ಕೈಕಟ್ಟಿ ಕೂರುವುದರಿಂದ ಪ್ರಯೋಜನವಿಲ್ಲ. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬೀಗತನ, ಸಂತೆ, ಬಸ್ಸುಗಳಿಗೆ ಈ ಗಡಿ ಗೊತ್ತಿಲ್ಲ; ರೋಗಕ್ಕೂ ಗೊತ್ತಾಗದು. ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದೇ ಮಾತು ಹೇಳಲಿ. ಮಸೀದಿ ಸಮಿತಿಗಳು ಜನರ ಪ್ರಶ್ನೆಗಳನ್ನು ಬರೆದುಕೊಂಡು ವೈದ್ಯರಿಗೊಪ್ಪಿಸಲಿ, ಖತೀಬರು ಜುಮಾದಲ್ಲಿ ಉತ್ತರ ತಿಳಿಸಲಿ. ಜುಮಾಕ್ಕೆ ಬಾರದ ತಾಯಂದಿರ ಪ್ರಶ್ನೆಗಳನ್ನು ಮೊದಲು ಕೇಳಲಿ. ರೋಗಿಯ ಆರೈಕೆ ಅವರದೇ ಹೆಗಲ ಮೇಲಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದರೂ ನಂಬಿಕೆ ಬೆಳೆಯುತ್ತದೆ.

ಮುಂದಿನ ರೋಗ ಬರುವುದು ಯಾವಾಗಲೆಂದು ಅಲ್ಲಾಹನೇ ಬಲ್ಲ. ಪ್ರಶ್ನೆಗಳಿಗೆ ಕಿವಿಗೊಡುವ ಏರ್ಪಾಡನ್ನು ಇಂದೇ ಮಾಡಿಕೊಳ್ಳುವುದು ನಮ್ಮ ಹೊಣೆ.